ದುಭಾಷಿ ಬದಲಿಸಿದ ವಾಕ್ಯ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನ್ಯಾಯಾಧೀಶರೇ, ವಕೀಲರ ಸಂಘದ ಹಿರಿಯರೇ, ಇಪ್ಪತ್ತೊಂಬತ್ತು ವರ್ಷ ನನ್ನ ಮೇಜಿನ ಮೇಲಿನ ನೀರಿನ ಲೋಟ ಬರಿದಾಗದಂತೆ ನೋಡಿಕೊಂಡ ಕಚೇರಿಯ ಗೆಳೆಯರೇ, ಸಭಿಕರೇ,

ಬೀಳ್ಕೊಡುಗೆಯ ದಿನ ದುಭಾಷಿಯನ್ನು ಮಾತಾಡಲು ಕರೆದಿದ್ದೀರಿ. ಅವನಿಗೆ ಸ್ವಂತ ಮಾತು ಆಡಿ ರೂಢಿಯಿಲ್ಲ. ಯಾರಾದರೂ ಮೊದಲು ಮಾತಾಡಿದರೆ ಮಾತ್ರ ಅವನ ಬಾಯಿ ತೆರೆಯುತ್ತದೆ. ಮನೆಯಲ್ಲೂ ಹಾಗೇ ಎಂದು ನನ್ನ ಹೆಂಡತಿಯ ದೂರು; ಅದನ್ನು ಒಂದಕ್ಷರ ಬಿಡದೆ ನಿಮಗೆ ಮುಟ್ಟಿಸಿದ್ದೇನೆ.

ಇಲ್ಲಿ ಮಾತಾಡಿದವರೆಲ್ಲ ನದಿಯ ಮೊಕದ್ದಮೆಯನ್ನು ನೆನೆದರು. ಒಂದು ನದಿ ತನ್ನ ಹೆಸರಿನಲ್ಲೇ ನ್ಯಾಯ ಕೇಳಿ ಗೆದ್ದ ನ್ಯಾಯಾಲಯ ನಮ್ಮದು. ನಾನು ಆ ದಂಡೆಯ ಮೂಲನಿವಾಸಿಗಳ ದನಿಯಾಗಿದ್ದೆ ಎಂದು ಹೊಗಳಿದಿರಿ. ದನಿಯಾಗಿದ್ದೆನೇ? ಬರೆದು ತಂದ ಭಾಷಣದಲ್ಲಿ ಇದಕ್ಕೆ ವಿನಯದ ಒಂದು ಉತ್ತರವಿತ್ತು. ಆ ಹಾಳೆಯನ್ನು ಜೇಬಿನಲ್ಲೇ ಬಿಡುತ್ತೇನೆ.

ನಾನೂ ಆ ದಂಡೆಯವನೇ. ಅಮ್ಮ ಬೇಗ ತೀರಿಕೊಂಡಳು. ಅವಳ ಅಕ್ಕ, ನನ್ನ ದೊಡ್ಡಮ್ಮ, ಮೀನು ಹಿಡಿದು ನನ್ನನ್ನು ಸಾಕಿದಳು, ಓದಿಸಿದಳು. ನಾನು ಕೆಲಸಕ್ಕೆ ಸೇರಿದ ವರ್ಷವೇ, ನದಿಯಲ್ಲಿ ಮರಳೆತ್ತಲು ಬಂದ ಕಂಪನಿಯ ವಿರುದ್ಧ ನಮ್ಮವರು ದಾವೆ ಹೂಡಿದರು. ಮೊದಲ ಸಾಕ್ಷಿ ದೊಡ್ಡಮ್ಮ. ಸಂಬಂಧ ಗೊತ್ತಾದರೆ ನನ್ನನ್ನು ತೆಗೆದುಹಾಕುತ್ತಾರೆಂಬ ಭಯ ನನಗೆ. ಕೋರ್ಟಿನ ಮೆಟ್ಟಿಲಲ್ಲಿ ಅವಳಿಗೆ ಹೇಳಿದೆ, "ಒಳಗೆ ನನ್ನ ಪರಿಚಯ ಇಲ್ಲದ ಹಾಗೆ ಇರು."

ನನ್ನನ್ನು ಎತ್ತಿ ಆಡಿಸಿದ ಆ ಹೆಂಗಸು ಒಳಗೆ ಬಂದು ನನ್ನನ್ನೇ "ನೀವು" ಎಂದಳು.

ಕಂಪನಿಯ ವಕೀಲರು ಕೇಳಿದರು: "ಮೀನು ಹಿಡಿಯುವುದನ್ನು ಯಾವಾಗ ನಿಲ್ಲಿಸಬೇಕೆಂದು ನಿಮ್ಮಲ್ಲಿ ಯಾರು ತೀರ್ಮಾನಿಸುತ್ತಾರೆ?"

ದೊಡ್ಡಮ್ಮ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ, ನಮ್ಮ ಭಾಷೆಯಲ್ಲಿ, ಹೇಳಿದಳು, "ನದೀನೇ ಹೇಳುತ್ತೆ. ನೀರು ಕೆಂಪಾಗುತ್ತೆ, ಮೀನು ದಡದ ಹುಲ್ಲಿಗೆ ಬಂದು ಮೊಟ್ಟೆ ಇಡುತ್ತೆ. ಆಗ ಬಲೆ ಮಡಚಿ ಇಟ್ಟುಬಿಡ್ತೀವಿ. ಅದರ ಮಾತು ಮೀರೋ ಹಾಗಿಲ್ಲ."

ಅದೇ ಹೊತ್ತಿಗೆ ಗುಮಾಸ್ತರೊಬ್ಬರು ಆಕಳಿಸಿದರು. ನನಗೆ ಅದು ನಗುವಿನಂತೆ ಕಂಡಿತು. ನದಿ ಮಾತಾಡುತ್ತದೆ ಎಂದರೆ ಈ ಕೋಟು ಹಾಕಿದವರೆಲ್ಲ ನಗುವುದಿಲ್ಲವೇ? ಅವಳನ್ನು ನೋಡಿ ನಗುವುದಿಲ್ಲವೇ? ನನ್ನನ್ನು ನೋಡಿ ನಗುವುದಿಲ್ಲವೇ? ನಾನು ಅನುವಾದಿಸಿದೆ: "ನಮ್ಮ ಹಿರಿಯರು ಕೂತು ತೀರ್ಮಾನಿಸುತ್ತಾರೆ."

"ಅದಕ್ಕೆ ಲಿಖಿತ ನಿಯಮ ಇದೆಯೇ?" ಎಂದರು ವಕೀಲರು. ಇರಲಿಲ್ಲ. ದಾವೆ ಬಿದ್ದುಹೋಯಿತು. ಮೀನು ಮೊಟ್ಟೆಯಿಡುವ ತಿಂಗಳಲ್ಲೇ ಯಂತ್ರಗಳು ಆ ಹುಲ್ಲಿನ ದಡವನ್ನು ಕೆರೆದು ಹಾಕಿದವು.

ಹದಿನೇಳು ವರ್ಷದ ಮೇಲೆ ಹೊಸ ಕಾನೂನು ಬಂತು. ನದಿಯೂ ಕಕ್ಷಿದಾರನಾಗಬಹುದು ಎಂದಿತು. ನಮ್ಮವರು ನದಿಯ ಹೆಸರಿನಲ್ಲೇ ಮತ್ತೆ ದಾವೆ ಹೂಡಿದರು. ಮತ್ತೆ ದೊಡ್ಡಮ್ಮ ಸಾಕ್ಷಿ, ಮತ್ತೆ ನಾನು ದುಭಾಷಿ. ಅವಳು ಅದೇ ಮಾತು ಹೇಳಿದಳು. ಈ ಸಲ ನಾನು ಸರಿಯಾಗಿಯೇ ಅನುವಾದಿಸಿದೆ. ಆಗ ಕಂಪನಿಯ ವಕೀಲರು ಹಳೆಯ ಕಡತ ಬಿಚ್ಚಿದರು. "ಅಂದು ಹಿರಿಯರು ಅಂದಿರಿ, ಇಂದು ನದಿ ಅನ್ನುತ್ತೀರಿ. ಯಾವುದು ಸುಳ್ಳು?"

ಆ ಪ್ರಶ್ನೆಯನ್ನು ಅವಳಿಗೆ ಮುಟ್ಟಿಸಬೇಕಾದವನು ನಾನೇ. ಮುಟ್ಟಿಸಿದೆ. ಅವಳು ನನ್ನ ಮುಖ ನೋಡಿದಳು. ನಡೆದದ್ದೇನೆಂದು ಆ ಕ್ಷಣದಲ್ಲೇ ಅವಳಿಗೆ ತಿಳಿಯಿತು. ಕಟಕಟೆಯ ಹಲಗೆ ಹಿಡಿದುಕೊಂಡು ಮೆಲ್ಲಗೆ ಅಂದಳು, "ವಯಸ್ಸಾಯ್ತು. ಅವತ್ತು ನಾನೇ ತಪ್ಪು ಹೇಳಿರಬೇಕು. ಹಾಗೇ ಬರ್ಕೊಳ್ಳಿ ಅಂತ ಹೇಳಿ."

ನ್ಯಾಯಾಧೀಶರು ಕಾಯುತ್ತಿದ್ದರು. ಆ ವಾಕ್ಯವನ್ನು ಅನುವಾದಿಸಿದ್ದರೆ ನನ್ನ ಕೆಲಸಕ್ಕೆ ಯಾವ ಕುತ್ತೂ ಬರುತ್ತಿರಲಿಲ್ಲ. ಆದರೆ ನಾನು ಅವರ ಕಡೆ ತಿರುಗಿ ಹೇಳಿದೆ: "ಸ್ವಾಮಿ, ಕಡತದಲ್ಲಿರುವ ಮಾತು ಇವರದಲ್ಲ, ನನ್ನದು. ಇವರು ನನ್ನ ದೊಡ್ಡಮ್ಮ."

ಅದಾದ ಮೇಲೆ ನಾಲ್ಕು ತಿಂಗಳು ನಾನು ರಜೆಯಲ್ಲಿದ್ದೆ ಎಂದು ಸಂಘದ ಕಾರ್ಯದರ್ಶಿಗಳು ಈಗ ತಾನೇ ಹೇಳಿದರು. ಅದು ಅವರ ದೊಡ್ಡ ಮನಸ್ಸು. ಅದು ಅಮಾನತು.

ಬೇರೊಬ್ಬ ದುಭಾಷಿಯನ್ನು ಕರೆಸಿ ದೊಡ್ಡಮ್ಮನ ಸಾಕ್ಷ್ಯವನ್ನು ಮೊದಲಿನಿಂದ ಕೇಳಿದರು. ನೀರಿನ ಬಣ್ಣ, ಹುಲ್ಲು, ಮೀನು ಬರುವ ದಿನಗಳು ಎಲ್ಲವನ್ನೂ ಮೂರು ದಿನ ಬರೆದುಕೊಂಡರು. ಯಾರೂ ನಗಲಿಲ್ಲ. ಮೀನುಗಾರಿಕೆ ಇಲಾಖೆಯ ದಾಖಲೆಗಳೂ ಅವಳ ಮಾತಿಗೆ ತಾಳೆಯಾದವು. ನದಿ ಗೆದ್ದಿತು. ಅದರ ಪರವಾಗಿ ನಿಲ್ಲುವ ನಾಲ್ವರು ಪಾಲಕರಲ್ಲಿ ಇಬ್ಬರು ನಮ್ಮವರೇ ಆಗಬೇಕೆಂದು ಆದೇಶವಾಯಿತು. ಯಂತ್ರಗಳು ಹೋದವು. ಹುಲ್ಲು ಮಾತ್ರ ಇನ್ನೂ ಎಲ್ಲ ಕಡೆ ಬಂದಿಲ್ಲ. ಆ ಹದಿನೇಳು ವರ್ಷಗಳಲ್ಲಿ ನನ್ನ ಪಾಲೆಷ್ಟು ಎಂದು ನನ್ನನ್ನೇ ಕೇಳಿಕೊಳ್ಳುತ್ತಿರುತ್ತೇನೆ.

ತೀರ್ಪಿನ ಪ್ರತಿಯನ್ನು ಹಿಡಿದು ದೊಡ್ಡಮ್ಮನ ಮನೆಗೆ ಹೋದೆ. ಸಾಲು ಸಾಲಾಗಿ ನಮ್ಮ ಭಾಷೆಯಲ್ಲಿ ಹೇಳಿದೆ. "ಈ ನದಿಗೆ ಹರಿಯುವ ಹಕ್ಕಿದೆ" ಎಂಬಲ್ಲಿ ಅವಳು ಕೈ ಎತ್ತಿದಳು.

"ಇದು ಅವರು ಹೇಳಿದ್ದಾ, ನೀನು ಹೇಳ್ತಿರೋದಾ?"

"ಅವರೇ ಹೇಳಿದ್ದು, ದೊಡ್ಡಮ್ಮ."

"ಬೇಜಾರು ಮಾಡ್ಕೋಬೇಡ ಮಗಾ. ಇನ್ನೊಬ್ಬರ ಹತ್ರ ಓದಿಸಿ ಕೇಳ್ತೀನಿ."

ಎರಡೂ ಭಾಷೆ ಬಲ್ಲ ಶಾಲೆಯ ಮೇಷ್ಟ್ರ ಬಳಿಗೆ ಮರುದಿನ ಅವಳನ್ನು ನಾನೇ ಕರೆದುಕೊಂಡು ಹೋದೆ. ನಾನು ಹೊರಗೆ ಕಿಟಕಿಯ ಪಕ್ಕ ನಿಂತೆ. ಮೇಷ್ಟ್ರು ನಿಧಾನವಾಗಿ ಓದಿ ಹೇಳುತ್ತಿದ್ದರು. ಅದೇ ಸಾಲು ಬಂದಾಗ ಒಳಗೆ ದೊಡ್ಡಮ್ಮ ಅಳುವುದು ಕೇಳಿಸಿತು. ನಾನು ಹೇಳಿದಾಗ ಅವಳು ಅತ್ತಿರಲಿಲ್ಲ.

ಇಷ್ಟು ಹೊತ್ತು ನನ್ನ ಸ್ವಂತ ಮಾತನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.