ಅಡ್ಡ ಆಡಿಸಿದ ತಲೆ

ಪ್ಲೊವ್‌ದಿವ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕತಂಗಿಯರು ಕೂತಿದ್ದರು. ಲಿಂಡೆನ್ ಹೂವಿನ ಘಮಕ್ಕೆ ನನಗೆ ಅರ್ಧ ನಿದ್ದೆ.

“ನೆವೆನಾ, ಮನೇಲಿ ಫೈಲ್ ಇಡೋ ಸ್ಟೋರೇಜ್ ಡಬ್ಬಿ ತುಂಬ್ಹೋಗಿದೆ, ಹಳೇ ಸ್ನ್ಯಾಪ್‌ಶಾಟೆಲ್ಲ, ಅದೇ ಹಿಂದಿನ ಫೈಲ್‌ಗಳ ಪ್ರತಿಗಳ್ನೆಲ್ಲ, ಅಳಿಸ್ಲಾ ಅಂತ ನಿನ್ ಗಂಡ ವಿಡಿಯೋ ಕಾಲಲ್ಲಿ ಕೇಳ್ದ.”

“ಅಯ್ಯೋ ಅಕ್ಕಾ, ನೀನು ತಪ್ಪಿ ಅಳಿಸಿದ ಅಪ್ಪನ ಹಾಡು ಈಗ ಅದ್ರಲ್ಲಿ ಮಾತ್ರ ಇರೋದು!”

“ಗೊತ್ತು ಕಣೇ. ನನ್ ಮಾತು ಅವ್ನಿಗೆ ಕೇಳಿಸ್ತಿರ್ಲಿಲ್ಲ, ಬೇಡ ಅಂತ ತಲೆ ಅಡ್ಡ ಆಡಿಸ್ದೆ, ಅವ್ನ ಊರು ಹಾಲೆಂಡಲ್ಲಿ ಆಡಿಸೋ ಥರ.”

“ಅಡ್ಡಾನಾ? ಅವನೀಗ ಇಲ್ಲೇ ಇದ್ದೂ ಇದ್ದೂ ನಮ್ಮೋನೇ ಆಗ್ಬಿಟ್ಟಿದಾನೆ. ನಮ್ ದೇಶ್ದಲ್ಲಿ ತಲೆ ಅಡ್ಡ ಆಡ್ಸಿದ್ರೆ ಹೌದು ಅಂತ!”

ತಂಗಿ ಗಾಬರಿಯಲ್ಲಿ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಹೆಂಕ್, ಅಳಿಸ್ಬಿಟ್ಯಾ?”

“ಅದಕ್ಕೆ ಮುಂಚೆ ಒಳಗೇನಿದೆ ಅಂತ ನೋಡ್ತಿದ್ದೆ. ಯಾರಿದು, ಇಷ್ಟು ಚೆನ್ನಾಗಿ ಹಾಡೋದು?”

ಫೋನಿನಿಂದ ಮುದುಕರೊಬ್ಬರ ದನಿ ತೇಲಿ ಬಂತು. ಬಸ್ಸೂ ಬಂತು. ಇಬ್ಬರೂ ಹತ್ತಲಿಲ್ಲ, ಆ ದನಿಯನ್ನು ನಡುವೆ ಹಿಡಿದುಕೊಂಡು ನಡೆದೇ ಹೋದರು.