ಮಂತ್ರಿಗೆ ಊರು ಸಿಕ್ಕಿದ ಕತೆ

ಹತ್ರ ಬಂದು ಕೂತ್ಕೊಳ್ರಪ್ಪ. ನಾನು ಹೇಳ್ತೀನಿ, ನೀವು ಹೂಂ ಅನ್ನಿ. ಹೂಂ ಅನ್ನದಿದ್ರೆ ಕತೆ ಮುನಿಸ್ಕೊಂಡು ಎದ್ದೋಗ್ತದೆ.

ಒಂದಾನೊಂದು ಸೀಮೆ. ಅಲ್ಲೊಂದು ಕೆರೆ. ತೂಬು ಕಾಯೋ ನೀರುಗಂಟಿ ಕೆಂಪೀರಜ್ಜಿ. ಆ ಕಾಲ ಎಂಥ ಕಾಲ ಅಂತೀರಿ! ಏರಿ ಮೇಲೆ ಯಾರೇ ಬರಲಿ, ಅಜ್ಜಿ ಕೇಳೋಳು, "ಯಾವೂರಪ್ಪ? ಯಾರ ಮಗ?" ಯಾವೂರಾದ್ರೂ ಸರಿ, ಹೆಸರು ಹೇಳಿದ್ರೆ ಸಾಕು, ಬೆಲ್ಲ, ನೀರು ಕೊಡೋಳು. ಈಗ ಹಂಗೆ ಕೇಳೋರು ಎಲ್ಲವ್ರೆ?

ಒಂದಿನ ಏಳು ಸಮುದ್ರ ದಾಟಿ, ಏಳು ದೇಶದಲ್ಲಿ ಓದಿ ಬಂದ ಮಂತ್ರಿ ಪಲ್ಲಕ್ಕಿ ಇಳಿದ. ಕೆರೆ ಕೆಳಗೇ ಬಿಡಾರ ಹೂಡಿದ.

"ಯಾವೂರಪ್ಪ?" ಅಂದ್ಳು ಅಜ್ಜಿ.

"ನನಗೆ ಲೋಕವೇ ಊರು."

"ಅಯ್ಯೋ ನನ್ನಪ್ಪ, ಒಂದೂರೂ ಇಲ್ವಾ ನಿಂಗೆ?" ಅಂತ ಅಜ್ಜಿ ಕಣ್ಣೊರೆಸ್ಕೊಂಡು ಬೆಲ್ಲ ಎರಡು ಚೂರು ಜಾಸ್ತಿನೇ ಕೊಟ್ಳು.

ಅಯ್ಯೋ ಪಾಪ ಅನ್ನಿಸ್ಕೊಂಡ್ರೆ ದೊಡ್ಡೋರು ತಡೀತಾರಾ? ಮಂತ್ರಿ ಬೆಲ್ಲ ಮುಟ್ಲಿಲ್ಲ. ಮಾರನೇ ದಿನವೇ ಡಂಗುರ: "ನಮ್ಮೂರು ಅನ್ನೋದು ಸಣ್ಣಬುದ್ಧಿ. ಇನ್ಮೇಲೆ ನಮ್ಮೂರು ಅನ್ನಕೂಡದು, ನಮ್ಮ ಕೆರೆ ಅನ್ನಕೂಡದು. ಎಲ್ಲ ಲೋಕದ್ದು!" ಅಜ್ಜಿ ಯಾರನ್ನೂ ಕೇಳೋ ಹಂಗಿಲ್ಲ. ಬೆಲ್ಲ ಗಡಿಗೇಲೇ ಇರುವೆ ಪಾಲಾಯ್ತು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಏರಿ ಬಿರುಕು ಬಿಡ್ತು. ಅಜ್ಜಿ ಸೊಂಟಕ್ಕೆ ಸೆರಗು ಬಿಗಿದು ಡಂಗುರದ ಮಾತಲ್ಲೇ ಕೂಗಿದ್ಳು, "ಲೋಕದ ಕೆರೆ ಒಡೀತದ್ರಪ್ಪೋ!"

ಜನ ಏನಂದ್ರು? "ಲೋಕದೋರು ಬತ್ತಾರೆ ಬಿಡು," ಅಂದ್ರು.

ಎರಡನೇ ಸಲ ಕೂಗಿದ್ಳು, "ಮನುಷ್ಯಕುಲದ ಕೆರೆ ಒಡೀತದ್ರಪ್ಪೋ!"

"ಅದ್ಯಾವ ಕುಲದೋರೋ, ಬಂದು ನೋಡ್ಕೊಳ್ಲಿ," ಅಂದ್ರು.

ಮಣ್ಣು ದಬದಬ ಜಾರ್ತು. ಅಜ್ಜಿ ತಲೆ ಹೋದ್ರೆ ಹೋಗ್ಲಿ ಅಂತ ಮೂರನೇ ಸಲ ಕೂಗಿದ್ಳು, "ನಮ್ಮೂರ ಕೆರೆ ಒಡೀತದೆ, ಬನ್ರಪ್ಪೋ!"

ಕೇಳಿ, ಕೇಳಿ! ಉಣ್ಣೋರು ತಟ್ಟೆ ಬಿಟ್ಟು ಎದ್ರು. ಅರ್ಧ ಗಡ್ಡ ಬೋಳಿಸ್ಕೊಂಡೋನು ಹಂಗೇ ಓಡಿ ಬಂದ. ಮಂಕರಿ ಮಂಕರಿ ಮಣ್ಣು ಹೊತ್ತು ಸಂಜೆಗೆ ಏರಿ ನಿಲ್ಲಿಸಿದ್ರು.

ಕೊನೇ ಮಂಕರಿ ತಂದೋನು ತಲೆಯಿಂದ ಕಾಲಿನವರೆಗೂ ಕೆಸರು. ಗುರುತೇ ಸಿಗದು. ಅಜ್ಜಿ ಹಳೇ ಅಭ್ಯಾಸ ಬಿಟ್ಟಾಳಾ? ಇರುವೆ ಬಿಟ್ಟ ಚೂರು ಬೆಲ್ಲ ಹಿಡಿದು ಕೇಳೇಬಿಟ್ಳು, "ಯಾವೂರಪ್ಪ? ಯಾರ ಮಗ?"

ಅವನು ಮುಖದ ಕೆಸರು ಒರೆಸ್ಕೊಂಡ. ನೋಡಿದ್ರೆ ಮಂತ್ರಿ! "ಹುಣಸೇಕಟ್ಟೆ, ಅಜ್ಜಿ. ಪುಟ್ಲಿಂಗಮ್ಮನ ಮಗ. ಊರ ಹೆಸರು ಬಾಯಲ್ಲಿ ಬಂದು ಮೂವತ್ತು ವರ್ಷ ಆಯ್ತು. ನೀನು ಕೂಗಿದ್ದು ನಮ್ಮವ್ವ ಕೂಗ್ದಂಗೇ ಇತ್ತು."

ಈ ಸಲ ಬೆಲ್ಲ ಬಾಯಿಗೆ ಹಾಕ್ಕೊಂಡ.

ಮಂತ್ರಿ ಅವನೂರಿಗೆ ಹೋದ, ಕೆರೆ ಅಲ್ಲೇ ಉಳೀತು, ಕತೆ ನಿಮ್ಮ ಮಡಿಲಿಗೆ ಬಿತ್ತು. ಏಳೋಕೆ ಮುಂಚೆ ಒಂದು ಮಾತು ಹೇಳ್ಹೋಗಿ: ನಿಮ್ಮದು ಯಾವೂರು?