ಮೊದಲ "ಬಿದ್ದ" ಅಂದವರು ಯಾರು?

…ಇಲ್ಲೋ ತಮ್ಮಾ, ನಿಮ್ಮ ಟಿವಿಯಾಗ ತೋರಿಸಿದಂಗ ಕೊನೀಗೆ ಒಬ್ಬಾವ ಸಿಕ್ಕಬಿದ್ದು ಕೈಗೆ ಬೇಡಿ ಹಾಕಿಸ್ಕೊಂಡು ಹೋಗೂದು ಎಲ್ಲಾ ಕಡೆ ಆಗೂದಿಲ್ಲ. ನಮ್ಮ ಶಿವಾನಂದನ್ನ ಯಾರು ಕೊಂದ್ರು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಶಿವಾನಂದ ಅಂದ್ರ ನನ್ನ ತಮ್ಮ, ನಿಮ್ಮಪ್ಪಗ ಸೋದರಮಾವ, ನಿಮಗ ಅಜ್ಜ ಆಗಬೇಕು, ಆದ್ರ ಅಜ್ಜ ಆಗೂವಷ್ಟು ವಯಸ್ಸು ಅವಗ ಸಿಗಲಿಲ್ಲ. ಪಡಸಾಲ್ಯಾಗ ದಪ್ಪ ಮೀಸಿ ಫೋಟೋ ಐತಲ್ಲ, ಅವನ. ಹಳೇ ಹುಬ್ಬಳ್ಳ್ಯಾಗ ಅವಂದು ಹಿಂಡಿ ಅಂಗಡಿ ಇತ್ತು. ಹಿಂಡಿ ಅಂದ್ರ ಹತ್ತಿಕಾಳಿನ ಎಣ್ಣಿ ತೆಗದ ಮ್ಯಾಲ ಉಳೀತೈತಲ್ಲ, ಅದು, ದನಕ್ಕ ಹಾಕ್ತಾರ. ನಿಮಗೇನ ಗೊತ್ತಾಗಬೇಕು, ಹಾಲು ಪಾಕೀಟಿನ್ಯಾಗ ಹುಟ್ಟತೈತಿ ಅಂತ ತಿಳಕೊಂಡವರು ನೀವು. ಇರ್ಲಿ. ಮುಂದ ಅಂಗಡಿ, ಹಿಂದ ಮನಿ, ಮ್ಯಾಲ ಚೀಲ ಇಡಾಕ ಅಟ್ಟ, ಅಟ್ಟಕ್ಕ ಹತ್ತಾಕ ಕಟ್ಟಿಗಿ ಪಾವಟಿಗಿ. ಅವನ ಹೆಂಡತಿ ಹೆರಿಗಿಗೆ ತವರಿಗೆ ಹೋಗಿದ್ಲು, ಅದಕ್ಕ ದಿನಾ ಮುಂಜಾನೆ ರೊಟ್ಟಿ ಕಟ್ಟಿಕೊಂಡು ನಾನ ಒಯ್ದು ಕೊಡ್ತಿದ್ದೆ, ಎರಡ ಓಣಿ ದಾಟಿದ್ರ ಅವನ ಮನಿ.

ಅವತ್ತೂ ಒಯ್ದೆ. ಅಂಗಡಿ ಇನ್ನೂ ತೆಗದಿದ್ದಿಲ್ಲ, ಹಿತ್ತಲ ಕಡೆ ಹೋದೆ. ಹಿತ್ತಲ ಬಾಗಿಲಕ್ಕ ಹೊರಗಿಂದ ಚಿಲಕ ಹಾಕಿತ್ತು. ಹೊರಗಿಂದ, ತಿಳೀತಿಲ್ಲೋ? ಒಳಗಿದ್ದಾವಗ ಹೊರಗಿನ ಚಿಲಕ ಹಾಕ್ಕೊಳ್ಳಾಕ ಬರೂದಿಲ್ಲ. ಆದ್ರ ಆಗ ನನಗ ಅದೆಲ್ಲಿ ಹೊಳೀಬೇಕು, "ಇಷ್ಟ ಲಗೂನ ಎಲ್ಲಿಗೆ ಹೋದ ಈ ಹುಡುಗ, ರೊಟ್ಟಿ ಆರಿ ಹೋಗ್ತಾವು" ಅಂತ ಬೈಕೋತ ನಾನ ಚಿಲಕ ತೆಗದೆ. ಒಳಗ ನೋಡಿದ್ರ ಪಾವಟಿಗಿ ಹತ್ರ ನೆಲದ ಮ್ಯಾಲ ಅಂಗಾತ ಇದ್ದ. ತಲೀಯಿಂದ ರಕ್ತ ಹರದು ಒಣಗಿತ್ತು. ಒಂದ ಗಾಯ ಹಿಂದ, ಇನ್ನೊಂದು ಇಲ್ಲಿ, ಕಿವಿ ಮ್ಯಾಲ. ನಾ ಹೆಂಗ ಚೀರಿದ್ನೋ ಏನೋ, ಬಾಜೂ ಅಂಗಡಿ ಗೌಸ್‌ಸಾಬ ಓಡಿ ಬಂದ. ಸೈಕಲ್ ರಿಪೇರಿ ಮಾಡ್ತಿದ್ದ, ನಮ್ಮ ಶಿವಾನಂದ ಮತ್ತ ಅಂವ ದಿನಾ ಕೂಡೇ ಚಾ ಕುಡಿಯೂವರು. ಬಂದಾವ ಹೊಸ್ತಲದಾಗ ನಿಂತ. "ಅಕ್ಕಾರ, ಮುಟ್ಟಬ್ಯಾಡ್ರಿ. ಏನೂ ಸರಿಸಬ್ಯಾಡ್ರಿ. ಮೊದಲ ಪೊಲೀಸರು ಬರ್ಲಿ, ನಾ ಹೋಗಿ ಕರಕೊಂಡ ಬರ್ತೇನಿ" ಅಂದ.

ಅಂವ ಅಂಗಳ ದಾಟೂದ್ರಾಗ ಮಂದಿ ಬಂತು, ಹಿರಿಯರು ಬರೂತನಕ ತಡಿ ಅಂತ ಅವನ್ನ ನಿಲ್ಲಿಸ್ತು. ಓಣಿ ಅಂದ್ರ ಹಂಗ, ಕರದ್ರ ಬರೂದಿಲ್ಲ, ಚೀರಿದ್ರ ತಡ ಮಾಡೂದಿಲ್ಲ. ಸುದ್ದಿ ಮುಟ್ಟಿ ನಮ್ಮ ತವರೂರು ಶಿರಗುಪ್ಪಿಯಿಂದ ದೊಡ್ಡಪ್ಪನೂ ಬಂದ. ಅಪ್ಪ ಸತ್ತ ಮ್ಯಾಲ ಮನಿತನಕ್ಕ ಅವನ ಹಿರಿಯ, ಅವನ ಮಾತಿಗೆ ಯಾರೂ ಎದರ ಆಡ್ತಿದ್ದಿಲ್ಲ. ಬಂದಾವ ಒಳಗ ಹೋಗಿ ನೋಡಿದ, ರುಮಾಲ ತೆಗದು ಕಣ್ಣ ಒರಸಿಕೊಂಡ, ಹೊರಗ ಬಂದು "ಪಾವಟಿಗಿಯಿಂದ ಬಿದ್ದಾನ. ಹಣಿಬರಾ" ಅಂದ. ನಾ ಅಂದೆ, "ದೊಡ್ಡಪ್ಪಾ, ಹೊರಗಿಂದ ಚಿಲಕ ಇತ್ತು." "ನಿನಗ ದುಃಖದಾಗ ಏನೋ ಕಂಡೈತಿ, ಸುಮ್ಮನ ಕುಂದ್ರು." ಗೌಸ್‌ಸಾಬ ಮತ್ತ ಪೊಲೀಸರ ಮಾತು ತೆಗದ. ದೊಡ್ಡಪ್ಪ ಅವನ ಮ್ಯಾಲ ಹರಿಹಾಯ್ದ, "ಏ ಸಾಬಾ, ಪೊಲೀಸರು ಬಂದ್ರ ದವಾಖಾನಿಗೆ ಒಯ್ದು ಕೊಯ್ತಾರ, ಹೊಲೀತಾರ. ಆ ಮ್ಯಾಲ ಅವಗ ಹೆಂಗ ಲಿಂಗ ಕಟ್ಟೂದು, ಹೆಂಗ ಕೂಡಸೂದು? ನೀ ಹೇಳ್ತಿ ಏನ ನಮ್ಮ ಮಂದಿಗೆ?"

ನಿಮಗ ಇದನ್ನ ಬಿಡಿಸಿ ಹೇಳಬೇಕು, ಇಲ್ಲಂದ್ರ ದೊಡ್ಡಪ್ಪನ್ನ ಕೆಟ್ಟಾವ ಅಂತೀರಿ, ಅಂವ ಕೆಟ್ಟಾವ ಅಲ್ಲ. ನಮ್ಮಾಗ ಹೆಣಾ ಸುಡೂದಿಲ್ಲ. ಮೈ ತೊಳದು, ಇಭೂತಿ ಹಚ್ಚಿ, ಕೊಳ್ಳಾಗ ಲಿಂಗ ಕಟ್ಟಿ, ಪೂಜಿಗೆ ಕುಂತಂಗ ಕೂಡಿಸಿ ಸಮಾಧಿ ಮಾಡ್ತಾರ. ಕೊಯ್ದ ಮೈನ ಹಂಗ ಕೂಡಿಸಬಾರದು ಅಂತ ಅವನ ನಂಬಿಕಿ. ತಮ್ಮನ ಮಗನ್ನ ಮರ್ಯಾದೀಲೆ ಕಳಸಬೇಕು ಅನ್ನೂದೊಂದ ಅವನ ತಲ್ಯಾಗಿತ್ತು. ಕೊಟ್ಟ ಹೆಣ್ಣಮಗಳು ನಾನು, ನನ್ನ ಮಾತು ಯಾರು ಕೇಳ್ತಾರ? ಹೆಂಗಸರು ಬಿಸಿನೀರು ಕಾಸಿದ್ರು. ರಕ್ತ ತೊಳದ್ರು. ಗಾಯದ ಮ್ಯಾಲ ಇಭೂತಿ ಮೆತ್ತಿದ್ರು. ಬಂದ ಮಂದಿ ಕಾಲಿಡಾಕ ಹೇಸಬಾರದು ಅಂತ ನೆಲಾನೂ ಸಾರಿಸಿದ್ರು. ಎಲ್ಲಾರೂ ಛಲೋ ಮನಸ್ಸಿನಿಂದ ಮಾಡಿದ್ರು ನೋಡ್ರಿ, ಒಬ್ಬಾಕಿ ಸಾರಿಸಿದಲ್ಲೇ ರಂಗೋಲಿ ಎಳೀಲ್ಯಾ ಅಂತ ಕೇಳಿದ್ಲು, ಅಷ್ಟ ಒಂದ ಬಾಕಿ ಇತ್ತು. ಸಂಜೀ ಆಗೂದ್ರಾಗ ಶಿರಗುಪ್ಪಿ ಹೊಲದಾಗ ಮಣ್ಣ ಕೊಟ್ಟ ಬಂದ್ವಿ.

ನಾ ಸುಮ್ಮನಿರಲಿಲ್ಲ. ನಿಮ್ಮಜ್ಜನ್ನ ಕರಕೊಂಡು ಸ್ಟೇಷನ್‌ಗೆ ಹೋದೆ. "ಹೆಣಾ ಎಲ್ಲೈತ್ರಿ?" "ಸಮಾಧಿ ಆತ್ರಿ." "ರಕ್ತ?" "ತೊಳದ್ರಿ." "ಮತ್ತ ನಮ್ಮ ಕಡೆ ಏನ ಹುಡುಕಿಸ್ತೀರಿ, ಇಭೂತಿ ಏನ?" ಅಂತ ಅಲ್ಲಿದ್ದಾವ ನಕ್ಕ. ಕುರ್ಚಿ ಮ್ಯಾಲಿನ ಮನಶ್ಯಾ ಬದಲಾದ, ಅರ್ಜಿ ಬದಲಾಗಲಿಲ್ಲ. ಕಡೀಕ ಸಮಾಧಿ ತೆಗಸಾಕ ಹುಕುಂ ಬಂತು. ದೊಡ್ಡಪ್ಪ ಹೊಲದ ಬದುವಿನ ಮ್ಯಾಲ ಅಡ್ಡ ನಿಂತ. "ಲಿಂಗದಾಗ ಬೆರತಾವನ್ನ ಎಬ್ಬಸ್ತಿ? ನೀ ಅವನ ಅಕ್ಕ ಏನು?" ಅಂದ. "ಅಕ್ಕ ಅಂತನ ಎಬ್ಬಸ್ತೇನಿ" ಅಂದೆ. ತಹಶೀಲ್ದಾರ್ರು ನಿಂತು ಅಗಿಸಿದ್ರು. ನಾ ನೋಡಬಾರದಿತ್ತು, ನೋಡಿದೆ. ಅದನ್ನ ನಿಮಗ ಹೇಳೂದಿಲ್ಲ. ತಲಿಬುರುಡಿ ಎರಡ ಕಡೆ ಒಡದೈತಿ, ಬಿದ್ದದ್ದಲ್ಲ, ಹೊಡದದ್ದು ಅಂತ ಡಾಕ್ಟರ್ ಬರದು ಕೊಟ್ರು. ಅಂತೂ ಕೊಲಿ ಅಂತ ಆತು. ನಾ ಮೊದಲನ ದಿನಾ ಹೇಳಿದ್ದು.

ಕೊಲಿ ಅಂತ ಆದ ಮ್ಯಾಲ ಪೊಲೀಸರು ಮೊದಲ ಯಾರನ್ನ ಒಯ್ದ್ರು ಹೇಳ್ರಿ ನೋಡೂಣು? ಗೌಸ್‌ಸಾಬನ್ನ! "ಮುಟ್ಟಬ್ಯಾಡ್ರಿ ಅಂದಾವ ಇವನ, ಕೊಲಿ ಅಂತ ಇವಗ ಹೆಂಗ ಗೊತ್ತಾತು?" ಅಂತ. ಖರೇ ಹೇಳಿದಾವ ಒಬ್ಬಾವ ಇದ್ದ, ಅವನ್ನ ಹಿಡಕೊಂಡ್ರು. ನಾ ಹೋಗಿ ಕೂಗ್ಯಾಡಿದೆ, ಬಿಟ್ರು, ಆದ್ರ ಬರುವಾಗ ಕಾಲು ಎಳದು ನಡ್ಯಾಕತ್ತಿದ್ದ. ಓಣ್ಯಾಗಿನ ಮಂದಿ ಅವನ ಕಡೆ ಸೈಕಲ್ ಒಯ್ಯೂದು ಬಿಟ್ರು. ಅಂಗಡಿ ಕಿತ್ತಕೊಂಡು ಗದಗಿಗೆ ಹೊಂಟಾಗ ನಮ್ಮ ಬಾಗಿಲಿಗೆ ಬಂದ. ಒಳಗ ಬಾ ಅಂದ್ರ ಬರಲಿಲ್ಲ. "ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕಾರ. ಆದ್ರ ಇನ್ನ ಮುಂದ ಯಾರ ಮನ್ಯಾಗ ಯಾರು ಚೀರಿದ್ರೂ ನಾ ಎದ್ದು ಹೋಗೂದಿಲ್ಲ" ಅಂದ. ಅಷ್ಟ. ಆಮ್ಯಾಲ ಅವನ ಮಾರಿ ನಾ ನೋಡಿಲ್ಲ.

ಕೇಸ್ ಏನಾತು ಅಂತೀರೇನು, ಸಿ ರಿಪೋರ್ಟ್ ಹಾಕಿದ್ರು. ಅಂದ್ರ ಕೊಲಿ ಆಗಿದ್ದು ಖರೇ, ಮಾಡಿದವರು ಸಿಗಲಿಲ್ಲ, ಮುಚ್ಚಿಬಿಡೂಣು ಅಂತ. ಅವರು ಮುಚ್ಚಿದ್ರು, ನಾ ಹೆಂಗ ಮುಚ್ಚಲಿ? ಆಗ ನನ್ನ ತಲ್ಯಾಗ ಒಂದು ಬಂತು. ಎಲ್ಲಾರೂ "ಬಿದ್ದ, ಬಿದ್ದ" ಅಂದ್ರಲ್ಲ, ಮೊದಲ ಅಂದಾವ ಯಾರು? ಬೀಳೂದನ್ನ ಯಾರೂ ನೋಡಿಲ್ಲ. ಅಂದ ಮ್ಯಾಲ ಆ ಮಾತು ಒಂದ ಬಾಯಿಂದ ಹುಟ್ಟಿರಬೇಕು. ಹುಟ್ಟಿಸಿದಾವಗ ಗೊತ್ತಿರಬೇಕು. ತಿಳೀತಲ್ಲ ನಾ ಹೇಳೂದು? ಅವತ್ತಿನಿಂದ ಮದವಿ, ತೊಟ್ಟಲ, ಎಲ್ಲೆ ಓಣಿ ಮಂದಿ ಸಿಕ್ರೂ ಇದನ್ನ ಕೇಳ್ಕೋತ ಬಂದೆ. ಎದರಮನಿ ಗಂಗವ್ವನ ಹಿಡದೆ. "ನನಗೆಲ್ಲಿ ಗೊತ್ತವಾ, ಅಂಗಳದಾಗ ಅನ್ನಾಕತ್ತಿದ್ರು." "ಯಾರು?" "ಅಯ್ಯನೋರು ಅಂದಂಗಿತ್ತು." ಪೂಜಿ ಮಾಡಿಸಿದ ಅಯ್ಯನೋರ ಹತ್ರ ಹೋದೆ. "ನಾ ಹೆಂಗ ಹೇಳ್ಲೆವ್ವಾ, ನನಗ ನಿಮ್ಮ ದೊಡ್ಡಪ್ಪ ಹೇಳಿದ್ರು." ನಾ ಬಂದ್ರ ಮಂದಿ ಮಾರಿ ತಿರಗಸೂ ಹಂಗಾತು, "ಬಂತು ನೋಡ ಸಿಐಡಿ ನೀಲವ್ವ" ಅಂತ ಹಿಂದ ನಗ್ತಿದ್ರು. ನಗಲಿ.

ದೊಡ್ಡಪ್ಪ ನನ್ನ ಕೂಡ ಮಾತ ಬಿಟ್ಟಿದ್ದ, ಸಮಾಧಿ ಒಡಸಿದಾಗಿಂದ. ಕಡೀಕ ಹಾಸಿಗಿ ಹಿಡದ ಅಂತ ಸುದ್ದಿ ಬಂತು, ಹೋದೆ. ಕಾಲದೆಸಿ ಕುಂತೆ. ಅಂವಾನೂ ಅತ್ತ, ನಾನೂ ಅತ್ತೆ. ಆಮ್ಯಾಲ ಕೇಳಿದೆ, "ದೊಡ್ಡಪ್ಪಾ, ಒಂದ ಹೇಳು. ಅವತ್ತ ಪಾವಟಿಗಿಯಿಂದ ಬಿದ್ದ ಅಂತ ನಿನಗ ಯಾರು ಹೇಳಿದ್ರು?" ಅಂವ ನನ್ನ ಮಾರಿ ನೋಡಿದ. "ಯಾರಂದ್ರ? ನೀನ ಅಲ್ಲೇನವಾ? ನಾ ಅಂಗಳದಾಗ ಕಾಲಿಡೂದಕ್ಕ ನೀನ ಅಳ್ಕೋತ ಬಂದು ಹೇಳಿದ್ದಿ." "ಚಿಲಕ ತೆಗದಾಕಿ ನಾನು. ನಾ ಹೆಂಗ ಹಂಗ ಅಂದೇನು?" "ನನಗ ಹಂಗ ನೆನಪೈತಿ, ತಂಗಿ" ಅಂದ. ಸುಳ್ಳ ಹೇಳಾಕತ್ತಿದ್ದಿಲ್ಲ. ಅದ ನನಗ ತಡಕೊಳ್ಳಾಕ ಆಗಲಿಲ್ಲ. ಸುಳ್ಳ ಹೇಳಿದ್ರ ಹಿಡದೇನು, ಖರೇ ಅಂತ ತಿಳಕೊಂಡಾವನ್ನ ಹೆಂಗ ಹಿಡೀಲಿ? ಯಾರೋ ಒಬ್ಬಾವ ಅವತ್ತ ಆ ಗದ್ದಲದಾಗ ಅವನ ಕಿವ್ಯಾಗ ಆ ಮಾತು ಹಾಕಿ, ನಮ್ಮ ಕೂಡ ಅತ್ತು, ಮಣ್ಣ ಹಾಕಿ ಕೈ ತೊಳಕೊಂಡ ಹೋಗ್ಯಾನ. ಹುಬ್ಬಳ್ಳ್ಯಾಗ ಇನ್ನೂ ಅದಾನೋ, ಸತ್ತನೋ. ಸಂತ್ಯಾಗ ನನಗ ನಮಸ್ಕಾರ ಮಾಡ್ತಿದ್ದರೂ ಮಾಡ್ತಿರಬೇಕು.

ಅದಕ್ಕ ಹೇಳೂದು, ಯಾರರ ಬಂದು ಹಿಂಗಾತು ಅಂದ್ರ, ಅಳೂದು ಆಮ್ಯಾಲ ಅಳ್ರಿ, ಮೊದಲ ನಿನಗ ಯಾರು ಹೇಳಿದ್ರು ಅಂತ ಕೇಳ್ರಿ. ನಿಂತ ಕಾಲಮ್ಯಾಲ ಕೇಳ್ರಿ. ಮರುದಿನ ಕೇಳಿದ್ರ ಎಲ್ಲಾರಿಗೂ ಎಲ್ಲಾರೂ ಹೇಳಿರ್ತಾರ. ಏಳ್ರಿ ಇನ್ನ, ಉಣ್ಣಾಕ ನಡೀರಿ.